ಲೀಟರು, ಕಿಲೋಮೀಟರು ಮತ್ತು ಗಂಟೆ: ನಮ್ಮ ಕಾರಿನ ನಿಜವಾದ ಮೈಲೇಜ್ ಎಷ್ಟು?

ಒಂದೇ ಕಂಪನಿಯ, ಒಂದೇ ಮಾದರಿಯ, ಒಂದೇ ವರ್ಷ ರಸ್ತೆಗಿಳಿದ ಎರಡು ಪೆಟ್ರೋಲ್ ಕಾರುಗಳಿವೆ ಎಂದುಕೊಳ್ಳೋಣ. ಒಂದು ಬೇಲಾಪುರದಿಂದ ಪಾಮ್ ಬೀಚ್ ರಸ್ತೆ ಹಿಡಿದು ವಾಶಿಗೆ ಹೋಗಿ ಬರುತ್ತದೆ. ಇನ್ನೊಂದು ಕಲ್ಯಾಣದಿಂದ ಹೊರಟು ಕಾಟಯಿ ನಾಕಾ, ಶಿಳಫಾಟಾ ದಾಟಿ ಮಹಾಪೆಯ ಕಚೇರಿ ಸೇರುತ್ತದೆ. ಮೊದಲಿನದು ಲೀಟರಿಗೆ ಹದಿನೈದು ಹದಿನಾರು ಕಿಲೋಮೀಟರ್ ಕೊಟ್ಟು, ಎರಡನೆಯದು ಹತ್ತರ ಆಸುಪಾಸಿನಲ್ಲೇ ನಿಂತರೆ ಯಾರೂ ಆಶ್ಚರ್ಯಪಡಬೇಕಿಲ್ಲ. ಆದರೂ ಎರಡನೆಯ ಕಾರಿನ ಯಜಮಾನರು ಸರ್ವಿಸ್ ಸೆಂಟರಿಗೆ ಎಡತಾಕುತ್ತಾರೆ, ಪ್ಲಗ್ ಬದಲಿಸುತ್ತಾರೆ, ಇಂಜೆಕ್ಟರ್ ತೊಳೆಸುತ್ತಾರೆ. ಕೊನೆಗೆ ಕಾರೇ ಸರಿಯಿಲ್ಲ ಎಂದು ಮಾರಲು ಹೊರಡುತ್ತಾರೆ. ಕಾರಿನಲ್ಲಿ ದೋಷವೇ ಇಲ್ಲದಿರಬಹುದು. ಲೆಕ್ಕ ಮಾತ್ರ ಅರ್ಧಕ್ಕೇ ನಿಂತಿದೆ.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಬದುಕುವ ಸಾವಿರಾರು ಕನ್ನಡ ಕುಟುಂಬಗಳಿಗೆ ಇಂಧನದ ಖರ್ಚು ಮನೆಯ ಜಮಾಖರ್ಚಿನ ದೊಡ್ಡ ಬಾಬ್ತು. ಮಕ್ಕಳ ಶುಲ್ಕ, ಸೊಸೈಟಿಯ ಮೇಂಟೆನೆನ್ಸ್ ಬಿಟ್ಟರೆ ತಿಂಗಳಿಗೆ ಇಷ್ಟು ಹಣ ಹರಿದುಹೋಗುವ ಬಾಗಿಲು ಬೇರೆ ಹೆಚ್ಚಿಲ್ಲ. ಹೀಗಿದ್ದೂ ತರಕಾರಿಯ ತೂಕದಲ್ಲಿ ತೋರುವ ಎಚ್ಚರ ಇಲ್ಲಿಲ್ಲ. ಅವರಿವರು ಹೇಳಿದ ಒಂದು ಅಂಕಿ, ಡ್ಯಾಶ್‌ಬೋರ್ಡ್ ತೋರಿಸುವ ಇನ್ನೊಂದು ಅಂಕಿ, ಕಂಪನಿಯ ಕಾಗದದಲ್ಲಿ ಅಚ್ಚಾದ ಮೂರನೆಯ ಅಂಕಿ, ಇಷ್ಟರಲ್ಲೇ ಚರ್ಚೆ ಮುಗಿಯುತ್ತದೆ. ಈ ಮೂರೂ ಎಲ್ಲಿಂದ ಬರುತ್ತವೆ, ಯಾವುದನ್ನು ಎಷ್ಟು ನಂಬಬೇಕು ಎಂಬುದನ್ನು ಕೂತು ನೋಡುವುದು ಅಗತ್ಯ.

ಮೊದಲು ಕಂಪನಿಯ ಅಂಕಿ. ನಮ್ಮ ದೇಶದಲ್ಲಿ ಕಾರುಗಳ ಮೈಲೇಜನ್ನು ಪ್ರಮಾಣೀಕರಿಸುವ ಸಂಸ್ಥೆಗಳಲ್ಲಿ ಹೆಸರಾದದ್ದು 1966ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಎಆರ್‌ಎಐ. ಅಲ್ಲಿ ಕಾರು ರಸ್ತೆಗೆ ಇಳಿಯುವುದಿಲ್ಲ. ಕೋಣೆಯೊಳಗೆ, ನೆಲದಲ್ಲಿ ಹುದುಗಿಸಿದ ಉರುಳೆಗಳ ಮೇಲೆ ಚಕ್ರಗಳನ್ನಿಟ್ಟು ಓಡಿಸುತ್ತಾರೆ. ಯಾವ ಸೆಕೆಂಡಿಗೆ ಎಷ್ಟು ವೇಗ ಎಂಬುದು ಮೊದಲೇ ಬರೆದಿಟ್ಟ ಪಾಠ. ಒಟ್ಟು 1180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೂ ಕಡಿಮೆ. ಇದರಲ್ಲಿ 780 ಸೆಕೆಂಡು ನಗರದ ಓಟ, 400 ಸೆಕೆಂಡು ಊರ ಹೊರಗಿನ ಓಟ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಸರಾಸರಿ ವೇಗ ಗಂಟೆಗೆ ಸುಮಾರು 32 ಕಿ.ಮೀ. ಎಸಿ ಬಂದ್. ಏರಿಲ್ಲ, ಗುಂಡಿಯಿಲ್ಲ, ಮಳೆಯಿಲ್ಲ, ಮುಂದೆ ಕಂಟೇನರ್ ಲಾರಿಯಿಲ್ಲ. ಟ್ಯಾಂಕಿನಿಂದ ಎಷ್ಟು ಪೆಟ್ರೋಲ್ ಇಳಿಯಿತೆಂದು ನೋಡುವುದೂ ಇಲ್ಲ. ಹೊಗೆಕೊಳವೆಯಿಂದ ಹೊರಬಂದದ್ದನ್ನು ಸಂಗ್ರಹಿಸಿ, ಅದರಲ್ಲಿರುವ ಇಂಗಾಲವನ್ನು ಅಳೆದು, ಇಷ್ಟು ಇಂಗಾಲ ಹೊರಬರಬೇಕಾದರೆ ಇಷ್ಟು ಇಂಧನ ಉರಿದಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ವಿಧಾನ ಬಹಳ ನಿಖರವಾದದ್ದು. ಒಂದು ಕಾರನ್ನು ಇನ್ನೊಂದು ಕಾರಿನ ಜೊತೆ ಹೋಲಿಸಲು ಇಂಥ ಸಮಾನ ಪರೀಕ್ಷೆ ಬೇಕೇ ಬೇಕು. ಆದರೆ ಅದು ಉತ್ತರಿಸುವ ಪ್ರಶ್ನೆ ಬೇರೆ, ಬೆಳಿಗ್ಗೆ ಎಂಟೂವರೆಗೆ ಮಾನ್‌ಪಾಡಾದ ತಿರುವಿನಲ್ಲಿ ನಿಂತವರ ಪ್ರಶ್ನೆ ಬೇರೆ.

ಈ ಅಂತರ ನಮ್ಮಲ್ಲಿ ಮಾತ್ರ ಇರುವುದಲ್ಲ. ಯುರೋಪಿನಲ್ಲಿ 2021ರಿಂದ ಹೊಸ ಕಾರುಗಳು ತಾವು ಕುಡಿದ ಇಂಧನವನ್ನು ತಾವೇ ದಾಖಲಿಸಿಕೊಳ್ಳಬೇಕೆಂಬ ನಿಯಮವಿದೆ. ಆ ದಾಖಲೆಗಳನ್ನು ಒಟ್ಟುಮಾಡಿ ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಕೊಟ್ಟಿತು. ಅಲ್ಲಿ ಬಳಸುವ, ಹೆಚ್ಚು ಕಠಿಣವೆನಿಸಿದ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯ ಅಂಕಿಗಿಂತಲೂ ರಸ್ತೆಯ ಮೇಲಿನ ಬಳಕೆ ಸುಮಾರು ಶೇ. 20ರಷ್ಟು ಜಾಸ್ತಿ ಇತ್ತು. ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್ ಕಾರುಗಳಲ್ಲಂತೂ ಪರೀಕ್ಷೆಯ ಅಂಕಿಯ ಮೂರೂವರೆ ಪಟ್ಟು. 2027ರ ಏಪ್ರಿಲ್‌ನಿಂದ ಭಾರತಕ್ಕೂ ಡಬ್ಲ್ಯುಎಲ್‌ಟಿಪಿ ತರುವ ಪ್ರಸ್ತಾವವನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ಮುಂದಿಟ್ಟಿದೆ. ಬಂದರೆ ಒಳ್ಳೆಯದೇ. ಆದರೆ ಅದರ ಸರಾಸರಿ ವೇಗ ಗಂಟೆಗೆ 46 ಕಿ.ಮೀ.ಗೂ ಮೇಲೆ. ಘೋಡ್‌ಬಂದರ್ ರಸ್ತೆಯವರಿಗೆ ಆ ಅಂಕಿ ಇನ್ನೂ ದೂರದ್ದಾಗಿಯೇ ಕಾಣುತ್ತದೆ.

ಎರಡನೆಯದು ಡ್ಯಾಶ್‌ಬೋರ್ಡಿನ ಅಂಕಿ. ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಅಳತೆಪಾತ್ರೆಯಲ್ಲಿ ಅಳೆಯುವುದಿಲ್ಲ. ಇಂಜೆಕ್ಟರ್ ಎಷ್ಟು ಹೊತ್ತು ಬಾಯಿ ತೆರೆದಿತ್ತು ಎಂಬುದನ್ನು ಸೆಕೆಂಡಿನ ಸಾವಿರದ ಭಾಗಗಳಲ್ಲಿ ಎಣಿಸಿ, ಇಷ್ಟು ಹೊತ್ತಿಗೆ ಇಷ್ಟು ಇಂಧನ ಎಂಬ ಸೂತ್ರ ಹಾಕುತ್ತದೆ. ಇಂಜೆಕ್ಟರ್ ಹಳತಾದರೆ, ಇಂಧನದ ಸಾಂದ್ರತೆ ಬದಲಾದರೆ ಸೂತ್ರ ಸ್ವಲ್ಪ ಜಾರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು ಯಜಮಾನನಿಗೆ ಖುಷಿಯಾಗುವ ಕಡೆಗೇ ಜಾರುತ್ತದೆ. ನೂರಕ್ಕೆ ಐದರಿಂದ ಹತ್ತು ಜಾಸ್ತಿ ತೋರಿಸುವುದು ಸಾಮಾನ್ಯ. ಇದರಿಂದ ಆ ಮೀಟರ್ ನಿರುಪಯೋಗಿ ಎಂದಲ್ಲ. ತಪ್ಪು ಯಾವಾಗಲೂ ಒಂದೇ ಪ್ರಮಾಣದಲ್ಲಿದ್ದರೆ ಅದನ್ನು ಒಮ್ಮೆ ಪಂಪಿನ ಲೆಕ್ಕಕ್ಕೆ ತಾಳೆ ನೋಡಿ, ಮುಂದೆ ಅಷ್ಟನ್ನು ಕಳೆದು ಓದಿದರಾಯಿತು. ಇಂದಿನ ದಾರಿ ನಿನ್ನೆಯ ದಾರಿಗಿಂತ ಮೇಲೋ ಎಂದು ಹೋಲಿಸಲು ಅದಕ್ಕಿಂತ ಕೈಗೆಟುಕುವ ಸಾಧನ ಇನ್ನೊಂದಿಲ್ಲ.

ನಾವೇ ಅಳೆಯಲು ಇರುವುದು ಹಳೆಯ ನಂಬಿಕಸ್ಥ ದಾರಿ: ಟ್ಯಾಂಕ್ ಫುಲ್ ಮಾಡಿಸಿ ಓಡೋಮೀಟರ್ ಬರೆದುಕೊಳ್ಳುವುದು, ಓಡಿಸುವುದು, ಮತ್ತೆ ಫುಲ್ ಮಾಡಿಸುವುದು, ಎರಡನೆಯ ಸಲ ಹಿಡಿದ ಲೀಟರುಗಳಿಂದ ಓಡಿದ ಕಿಲೋಮೀಟರನ್ನು ಭಾಗಿಸುವುದು. ಎಲ್ಲರಿಗೂ ಗೊತ್ತಿರುವ ವಿಧಾನ. ಎಲ್ಲರೂ ಎಡವುವುದು ‘ಫುಲ್’ ಎಂದರೆ ಎಷ್ಟು ಎಂಬಲ್ಲಿ.

ಪಂಪಿನ ನಾಝಲ್ಲನ್ನು ಹತ್ತಿರದಿಂದ ನೋಡಿ. ಅದರ ತುದಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಇಂಧನ ಹರಿಯುತ್ತಿರುವಷ್ಟು ಹೊತ್ತು ಆ ರಂಧ್ರದ ಮೂಲಕ ಗಾಳಿ ಒಳಗೆ ಹೋಗುತ್ತಿರುತ್ತದೆ. ಟ್ಯಾಂಕಿನ ಕತ್ತಿನಲ್ಲಿ ಪೆಟ್ರೋಲ್ ಏರಿ ಬಂದು ರಂಧ್ರ ಮುಚ್ಚಿದೊಡನೆ ಗಾಳಿ ನಿಂತು, ಒಳಗಿನ ಪೊರೆ ಎಳೆದುಕೊಂಡು, ‘ಟಕ್’ ಎಂದು ಹರಿವು ಕಡಿಯುತ್ತದೆ. ಹರಿವು ಜೋರಾಗಿದ್ದರೆ ನೊರೆ ಎದ್ದು ಬೇಗ ಕಡಿಯುತ್ತದೆ. ನಾಝಲ್ ಪೂರ್ತಿ ಒಳಗಿದ್ದರೆ ಒಂದು ಮಟ್ಟಕ್ಕೆ, ಅರ್ಧ ಒಳಗಿದ್ದರೆ ಇನ್ನೊಂದು ಮಟ್ಟಕ್ಕೆ ಕಡಿಯುತ್ತದೆ. ಪಂಪಿನ ನೆಲ ಇಳಿಜಾರಾಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಪಂಪಿನ ಹುಡುಗ ರೌಂಡ್ ಫಿಗರ್ ಮಾಡಲು ಚಿಟಿಕೆ ಚಿಟಿಕೆಯಾಗಿ ಸುರಿಯುತ್ತಾನೆ. ಕೆಲವರು ಕಾರನ್ನು ಅಲುಗಾಡಿಸಿ ಇನ್ನಷ್ಟು ತುಂಬಿಸುತ್ತಾರೆ. ಹೀಗೆ ಒಂದು ಫುಲ್‌ಗೂ ಇನ್ನೊಂದು ಫುಲ್‌ಗೂ ನಡುವೆ ಅರ್ಧ ಲೀಟರ್, ಒಮ್ಮೊಮ್ಮೆ ಒಂದು ಲೀಟರ್ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಆದ್ದರಿಂದ ಅದೇ ಪಂಪು, ಸಾಧ್ಯವಾದರೆ ಅದೇ ನಾಝಲ್, ಮೊದಲ ಟಕ್‌ಗೆ ನಿಲ್ಲಿಸುವುದು, ಒಂದು ಹನಿಯೂ ಮೇಲೆ ಹಾಕಿಸದಿರುವುದು. ಕತ್ತಿನವರೆಗೆ ತುಂಬಿಸುವುದು ಲೆಕ್ಕಕ್ಕೂ ಒಳ್ಳೆಯದಲ್ಲ, ಕಾರಿಗೂ ಅಲ್ಲ. ಪೆಟ್ರೋಲಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಗೆ ದ್ರವ ನುಗ್ಗಿದರೆ ಅದು ಕೆಡುತ್ತದೆ.

ಮೈಲೇಜ್ ಬರುತ್ತಿಲ್ಲವೆಂದು ದೂರು ಕೊಟ್ಟಾಗ ಸರ್ವಿಸ್ ಸೆಂಟರಿನವರು ಮಾಡಿ ತೋರಿಸುವ ಪರೀಕ್ಷೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಫುಲ್ ಮಾಡಿಸಿ, ಹೆದ್ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ನಯವಾಗಿ ಓಡಿಸಿ, ಮತ್ತೆ ಫುಲ್ ಮಾಡಿಸುತ್ತಾರೆ. ಅಷ್ಟರಲ್ಲಿ ಉರಿದದ್ದು ಒಂದು ಲೀಟರಿಗಿಂತ ತುಸು ಹೆಚ್ಚು. ನಾಝಲ್ ಕಡಿತದಲ್ಲಿ ಕಾಲು ಲೀಟರ್ ಆಚೀಚೆಯಾದರೆ ಉತ್ತರದಲ್ಲಿ ನೂರಕ್ಕೆ ಇಪ್ಪತ್ತರಷ್ಟು ಏರುಪೇರು! ಅದನ್ನು ಪುರಾವೆ ಎಂದು ಒಪ್ಪಬಾರದು, ಅದು ನಮ್ಮ ಪರವಾಗಿ ಬಂದರೂ ಒಪ್ಪಬಾರದು.

ಪರಿಹಾರ ಸರಳ: ಒಂದೊಂದು ಟ್ಯಾಂಕಿಗೆ ಒಂದೊಂದು ಉತ್ತರ ತೆಗೆಯುವ ಚಪಲ ಬಿಟ್ಟು, ಮೊತ್ತವನ್ನು ಬೆಳೆಸುತ್ತ ಹೋಗುವುದು. ಮಾದರಿಗೆ ಒಂದು ಪುಟ ನೋಡೋಣ. ಮೊದಲ ಫುಲ್ ಆದಾಗ ಓಡೋಮೀಟರ್ 18,240. ನಂತರ 18,594ಕ್ಕೆ 27.4 ಲೀಟರ್, 18,951ಕ್ಕೆ 31.2 ಲೀಟರ್, 19,305ಕ್ಕೆ 24.6 ಲೀಟರ್. ಬಿಡಿಬಿಡಿಯಾಗಿ ನೋಡಿದರೆ ಲೀಟರಿಗೆ 12.9, ಆಮೇಲೆ 11.4, ಆಮೇಲೆ 14.4. ಎರಡನೆಯ ವಾರ ಕಾರು ಕೆಟ್ಟಿತು, ಮೂರನೆಯ ವಾರ ಹೊಸ ಆಯಿಲ್‌ನಿಂದ ಸುಧಾರಿಸಿತು ಎಂದು ಯಾರಾದರೂ ಕಥೆ ಕಟ್ಟಬಹುದು. ಒಟ್ಟು ಮಾಡಿದರೆ 1,065 ಕಿ.ಮೀ.ಗೆ 83.2 ಲೀಟರ್, ಲೀಟರಿಗೆ 12.8. ನಡುವಿನ ಫುಲ್‌ಗಳಲ್ಲಿ ಒಂದು ಸಲ ಹೆಚ್ಚು ಹಿಡಿದದ್ದು ಮುಂದಿನ ಸಲ ಕಡಿಮೆ ಹಿಡಿದು ಸರಿದೂಗುತ್ತದೆ. ಅನುಮಾನ ಉಳಿಯುವುದು ಮೊದಲ ಮತ್ತು ಕೊನೆಯ ಫುಲ್‌ನಲ್ಲಿ ಮಾತ್ರ. ಒಂದು ಲೀಟರಿನ ಅನುಮಾನ 27 ಲೀಟರಿನ ಮೇಲೆ ಸುಮಾರು ಶೇ. 3.7. ಅದೇ ಒಂದು ಲೀಟರ್ 83ರ ಮೇಲೆ ಶೇ. 1.2. ವರ್ಷವಿಡೀ ಸಾವಿರ ಲೀಟರ್ ಬರೆದಿಟ್ಟರೆ ಶೇ. 0.1. ದುಬಾರಿ ಉಪಕರಣ ಯಾವುದೂ ಬೇಡ, ತಾಳ್ಮೆಯೊಂದಿದ್ದರೆ ಪ್ರಯೋಗಾಲಯದ ನಿಖರತೆ ಒಂದು ಡೈರಿಯಲ್ಲಿ ಸಿಗುತ್ತದೆ. ನಡುವೆ ಐನೂರು ರೂಪಾಯಿಯ ಪೆಟ್ರೋಲ್ ಹಾಕಿಸಿದರೂ ಚಿಂತೆಯಿಲ್ಲ, ಅದರ ಲೀಟರನ್ನು ಬರೆಯಲು ಮರೆಯದಿದ್ದರೆ ಸಾಕು.

ಸರಾಸರಿ ತೆಗೆಯುವಾಗಲೂ ಒಂದು ಹೊಂಡವಿದೆ. ನೂರು ಕಿ.ಮೀ. ಊರೊಳಗೆ ಲೀಟರಿಗೆ 10ರಂತೆ, ಇನ್ನು ನೂರು ಕಿ.ಮೀ. ಹೆದ್ದಾರಿಯಲ್ಲಿ 20ರಂತೆ ಓಡಿದರೆ ಸರಾಸರಿ 15 ಎನ್ನುವವರೇ ಬಹಳ. ನಿಜಕ್ಕೂ ಉರಿದದ್ದು 10 ಮತ್ತು 5, ಒಟ್ಟು 15 ಲೀಟರ್. ಇನ್ನೂರನ್ನು ಹದಿನೈದರಿಂದ ಭಾಗಿಸಿದರೆ 13.3. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವ ನಮ್ಮ ರೂಢಿಯೇ ಇಂಥ ತಪ್ಪಿಗೆ ಎಡೆಮಾಡುತ್ತದೆ. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಕೇಳಿದರೆ ಎಲ್ಲ ಸಲೀಸು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನೇ ತೋರಿಸಿಕೊಟ್ಟರು. 8 ಕೊಡುತ್ತಿದ್ದ ಕಾರು 10ಕ್ಕೆ ಏರಿದರೆ ಸಾವಿರ ಕಿ.ಮೀ.ಯಲ್ಲಿ 25 ಲೀಟರ್ ಉಳಿಯುತ್ತದೆ. 16 ಕೊಡುತ್ತಿದ್ದದ್ದು 20ಕ್ಕೆ ಏರಿದರೆ ಉಳಿಯುವುದು 12.5 ಲೀಟರ್ ಮಾತ್ರ. ಕೇಳಲು ಎರಡನೆಯದೇ ದೊಡ್ಡದು, ಜೇಬಿಗೆ ಮೊದಲನೆಯದು. ಮನೆಯಲ್ಲಿ ಎರಡು ಕಾರಿದ್ದವರು ಯಾವುದನ್ನು ಮೊದಲು ಬದಲಿಸಬೇಕೆಂದು ಯೋಚಿಸುವಾಗ ಈ ಲೆಕ್ಕ ನೆನಪಿರಲಿ.

ಕಿಲೋಮೀಟರಿನ ಕಡೆಯೂ ಪೂರಾ ಶುದ್ಧವಲ್ಲ. ಓಡೋಮೀಟರ್ ಚಕ್ರದ ಸುತ್ತುಗಳನ್ನು ಎಣಿಸುತ್ತದೆ. ಹೊಸ ಟಯರಿನ ಅಚ್ಚಿನ ಆಳ ಸುಮಾರು 8 ಮಿ.ಮೀ., ಬದಲಿಸಲೇಬೇಕಾದ ಹೊತ್ತಿಗೆ 1.6 ಮಿ.ಮೀ. ಸಣ್ಣ ಕಾರಿನ ಚಕ್ರದ ತ್ರಿಜ್ಯದಲ್ಲಿ ಇದು ನೂರಕ್ಕೆ ಎರಡಕ್ಕಿಂತ ಹೆಚ್ಚು. ಸವೆದ ಚಕ್ರ ಅದೇ ದಾರಿಗೆ ಹೆಚ್ಚು ಸುತ್ತು ಸುತ್ತುತ್ತದೆ, ಓಡೋಮೀಟರ್ ಹೆಚ್ಚು ದೂರ ಬರೆಯುತ್ತದೆ, ಮೈಲೇಜ್ ಇಲ್ಲದ ಏರಿಕೆ ತೋರುತ್ತದೆ. ಹೊಸ ಟಯರ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದಿತು ಎಂಬ ದೂರಿನ ಒಂದು ಪಾಲು ಇಲ್ಲಿದೆ. ಸರಿನೋಡಲು ಕಳಂಬೋಲಿಯಲ್ಲಿ ಶುರುವಾಗುವ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ನಮಗೆ ಹತ್ತಿರವೇ ಇದೆ. ಪಕ್ಕದಲ್ಲಿ ನೆಟ್ಟ ಕಿಲೋಮೀಟರ್ ಫಲಕಗಳನ್ನು ಮೂವತ್ತು ನಲವತ್ತು ಕಿ.ಮೀ. ಉದ್ದಕ್ಕೆ ಓಡೋಮೀಟರಿನ ಜೊತೆ ತಾಳೆ ನೋಡಿದರೆ ನಮ್ಮ ಮೀಟರಿನ ತಪ್ಪು ತಿಳಿಯುತ್ತದೆ. ಕಟ್ಟಡಗಳ ಸಂದಿಯಲ್ಲಿ, ಸುರಂಗದಲ್ಲಿ ಫೋನಿನ ಜಿಪಿಎಸ್ ದಾರಿ ತಪ್ಪುವುದರಿಂದ ಊರೊಳಗೆ ಅದನ್ನು ಅಷ್ಟಾಗಿ ನೆಚ್ಚಬೇಡಿ.

ಇಷ್ಟೆಲ್ಲ ಮಾಡಿ ಒಂದು ಖಚಿತ ಅಂಕಿ ಕೈಗೆ ಬಂತು. ಆದರೂ ಅದು ಏನನ್ನು ಹೇಳುತ್ತದೆ? ಇಲ್ಲಿಯೇ ನಮ್ಮ ನಾಲ್ಕು ಊರುಗಳ ವಿಷಯ ಬರುವುದು. ಲೀಟರು, ಕಿಲೋಮೀಟರು ಎರಡನ್ನು ಮಾತ್ರ ಬರೆದಿಟ್ಟರೆ ಇಲ್ಲಿಯ ಕಾರು ಅರ್ಥವಾಗುವುದಿಲ್ಲ. ಗಂಟೆಯನ್ನೂ ಬರೆಯಬೇಕು.

ಕಾರು ಎರಡು ಬಗೆಯಲ್ಲಿ ಇಂಧನ ಕುಡಿಯುತ್ತದೆ. ಮುಂದೆ ಸಾಗಲು ಕುಡಿಯುವುದು ದೂರದ ಲೆಕ್ಕಕ್ಕೆ. ಇಂಜಿನ್ ಜೀವಂತವಾಗಿರಲು, ಎಸಿ ತಿರುಗಲು, ಬ್ಯಾಟರಿ ತುಂಬಲು ಕುಡಿಯುವುದು ಹೊತ್ತಿನ ಲೆಕ್ಕಕ್ಕೆ. ನಿಂತರೂ ಅದು ನಿಲ್ಲುವುದಿಲ್ಲ. 1.2 ಲೀಟರ್ ಇಂಜಿನ್ನಿನ ಸಾಮಾನ್ಯ ಪೆಟ್ರೋಲ್ ಕಾರಿಗೆ, ಎಸಿ ಹಾಕಿಕೊಂಡು, ಗಂಟೆಗೆ ಸುಮಾರು 0.9 ಲೀಟರ್, ಜೊತೆಗೆ ಕಿಲೋಮೀಟರಿಗೆ 0.045 ಲೀಟರ್ ಎಂದು ಹಿಡಿಯೋಣ. ಗಂಟೆಗೆ ಸರಾಸರಿ 60 ಕಿ.ಮೀ. ಸಾಗಿದರೆ ಲೀಟರಿಗೆ 16.7 ಬರುತ್ತದೆ. 30ಕ್ಕೆ ಇಳಿದರೆ 13.3. ಕಲ್ಯಾಣ–ಶಿಳ್ ರಸ್ತೆಯ ಕೆಟ್ಟ ಬೆಳಗಿನಂತೆ 12ಕ್ಕೆ ಇಳಿದರೆ 8.3. ಕಾರು ಅದೇ, ಚಾಲಕ ಅವನೇ, ಪೆಟ್ರೋಲ್ ಅದೇ. ಆರಂಭದಲ್ಲಿ ಹೇಳಿದ ಎರಡು ಕಾರುಗಳ ನಡುವಿನ ವ್ಯತ್ಯಾಸದ ಬಹುಪಾಲು ಇಷ್ಟರಲ್ಲಿದೆ.

ನಮ್ಮ ಕಾರಿನ ಈ ಎರಡು ಸಂಖ್ಯೆಗಳನ್ನು ಹುಡುಕುವುದು ಹೈಸ್ಕೂಲಿನ ಬೀಜಗಣಿತ. ಈಗಿನ ಬಹುತೇಕ ಕಾರುಗಳ ಪರದೆಯಲ್ಲಿ ಸರಾಸರಿ ವೇಗ ಅಥವಾ ಓಡಿದ ಹೊತ್ತು ಕಾಣುತ್ತದೆ, ಅದರಿಂದ ಗಂಟೆ ಸಿಗುತ್ತದೆ. ಒಂದು ತಿಂಗಳು 800 ಕಿ.ಮೀ., 50 ಗಂಟೆ, 81 ಲೀಟರ್. ರಜೆಗೆ ದೂರ ಹೋದ ಇನ್ನೊಂದು ತಿಂಗಳು 1,900 ಕಿ.ಮೀ., 45 ಗಂಟೆ, 126 ಲೀಟರ್. ಎರಡು ಸಮೀಕರಣ, ಎರಡು ಅಜ್ಞಾತ. ಬಿಡಿಸಿದರೆ ಮೇಲಿನ 0.045 ಮತ್ತು 0.9 ಸಿಗುತ್ತವೆ. ಹೆದ್ದಾರಿಯಲ್ಲಿ 80 ದಾಟಿದ ಮೇಲೆ ಈ ಸರಳ ಸೂತ್ರ ಸೋಲುತ್ತದೆ, ಏಕೆಂದರೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಆದರೆ ಡೊಂಬಿವಲಿಯಿಂದ ಐರೋಲಿಗೆ ಹೋಗುವವರಿಗೆ ಆ ಚಿಂತೆ ಕಡಿಮೆ.

ಈ ಸೂತ್ರ ದಿನನಿತ್ಯದ ತೀರ್ಮಾನಕ್ಕೂ ಬರುತ್ತದೆ. 14 ಕಿ.ಮೀ.ಯ ಹತ್ತಿರದ ದಾರಿಗೆ ಒಂದು ಗಂಟೆ ಹಿಡಿದರೆ 1.53 ಲೀಟರ್. 20 ಕಿ.ಮೀ.ಯ ಸುತ್ತುದಾರಿಯಲ್ಲಿ 35 ನಿಮಿಷಕ್ಕೆ ತಲುಪಿದರೆ 1.43 ಲೀಟರ್. ದೂರದ ದಾರಿಯೇ ಅಗ್ಗ! 2024ರಲ್ಲಿ ಮೋಠಾಗಾಂವ್–ಮಾಣಕೋಲಿ ಸೇತುವೆ ತೆರೆದ ಮೇಲೆ ಡೊಂಬಿವಲಿಯಿಂದ ಥಾಣೆಗೆ ಹೋಗುವವರ ಹೊತ್ತು ಬದಲಾಯಿತು. ಅದೇ ವರ್ಷ ಅಕ್ಟೋಬರ್ 14ರ ಮಧ್ಯರಾತ್ರಿಯಿಂದ ಮುಂಬಯಿಯ ಐದು ಪ್ರವೇಶದ್ವಾರಗಳಲ್ಲಿ ಸಣ್ಣ ವಾಹನಗಳಿಗೆ ಟೋಲ್ ರದ್ದಾಯಿತು. ವಾಶಿ, ಐರೋಲಿ, ಮುಲುಂಡ್ ಎಲ್ಲವೂ ಅದರಲ್ಲಿವೆ. ಟೋಲ್ ದುಡ್ಡು ಉಳಿದದ್ದನ್ನು ಎಲ್ಲರೂ ಕಂಡರು. ಸಾಲಿನಲ್ಲಿ ನಿಂತು ಉರಿಸುತ್ತಿದ್ದ ಪೆಟ್ರೋಲ್ ಉಳಿದದ್ದು ಯಾರ ಬಿಲ್ಲಿನಲ್ಲೂ ಬರೆದು ಬರುವುದಿಲ್ಲ. ಇನ್ನೊಂದು ಕಡೆ ಘೋಡ್‌ಬಂದರ್ ರಸ್ತೆಯಲ್ಲಿ ಮೆಟ್ರೊ 4, ಭಿವಂಡಿಯ ಕಡೆ ಮೆಟ್ರೊ 5, ಕಲ್ಯಾಣ–ತಳೋಜಾ ನಡುವೆ ಮೆಟ್ರೊ 12ರ ಕಾಮಗಾರಿಗಳು ರಸ್ತೆಯನ್ನು ಕಿರಿದಾಗಿಸಿವೆ. ಹೀಗಾಗಿ ಎರಡು ವರ್ಷದ ಹಿಂದಿನ ಮೈಲೇಜಿಗೆ ಇಂದಿನದನ್ನು ಹೋಲಿಸಿ ಕಾರಿಗೆ ವಯಸ್ಸಾಯಿತು ಎನ್ನುವುದು ದುಡುಕಿನ ಮಾತು. ವಯಸ್ಸಾದದ್ದು ಕಾರಿಗೋ, ರಸ್ತೆ ಇಕ್ಕಟ್ಟಾಯಿತೋ ಎಂಬುದನ್ನು ಗಂಟೆಯ ಕಾಲಮ್ಮು ಹೇಳುತ್ತದೆ. ಲೀಟರು ಏರಿ ಗಂಟೆಯೂ ಏರಿದ್ದರೆ ಅದು ರಸ್ತೆಯ ಕೆಲಸ. ಗಂಟೆ ಏರದೆ ಲೀಟರು ಮಾತ್ರ ಏರಿದ್ದರೆ ಮೆಕ್ಯಾನಿಕ್ ಬಳಿಗೆ ಹೋಗಿ.

ಹೋಗುವ ಮುನ್ನ ಟಯರಿನ ಗಾಳಿ ನೋಡಿಸಿ. ನಾಲ್ಕೂ ಚಕ್ರದಲ್ಲಿ ಒಂದೊಂದು ಪಿಎಸ್‌ಐ ಇಳಿದರೆ ಬಳಕೆ ಸುಮಾರು ಶೇ. 0.2 ಏರುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಸಣ್ಣದೆನಿಸಿದರೂ ಹತ್ತು ಪಿಎಸ್‌ಐ ಇಳಿದ ಚಕ್ರಗಳು ನಮ್ಮಲ್ಲಿ ಅಪರೂಪವೇನಲ್ಲ.

ಪೆಟ್ರೋಲೂ ಹಿಂದಿನ ಪೆಟ್ರೋಲ್ ಅಲ್ಲ. 2022ರ ಜೂನ್ ಹೊತ್ತಿಗೆ ದೇಶದಲ್ಲಿ ನೂರಕ್ಕೆ ಹತ್ತು ಭಾಗ ಎಥೆನಾಲ್ ಬೆರೆಸುವ ಗುರಿ ಮುಟ್ಟಿತು, 2025ರಲ್ಲಿ ಅದು ಇಪ್ಪತ್ತಾಯಿತು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥೆನಾಲಿನಲ್ಲಿ ಸುಮಾರು 21. ಹತ್ತರ ಮಿಶ್ರಣದಿಂದ ಇಪ್ಪತ್ತಕ್ಕೆ ಬಂದಾಗ ಲೀಟರಿನಲ್ಲಿ ಅಡಗಿದ ಶಕ್ತಿ ನೂರಕ್ಕೆ ಮೂರೂವರೆಯಷ್ಟು ಇಳಿಯುತ್ತದೆ, ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಸುಮಾರು ಏಳು. ನೀತಿ ಆಯೋಗದ 2021ರ ಮಾರ್ಗಸೂಚಿಯೂ ಎಥೆನಾಲಿಲ್ಲದ ಪೆಟ್ರೋಲಿಗೆಂದು ರೂಪಿಸಿ ಹತ್ತರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7, ಹತ್ತಕ್ಕೆಂದು ರೂಪಿಸಿ ಇಪ್ಪತ್ತಕ್ಕೆ ಹೊಂದಿಸಿದವುಗಳಲ್ಲಿ ಶೇ. 1ರಿಂದ 2 ಇಳಿಕೆ ಅಂದಾಜಿಸಿತ್ತು. ಮೈಲೇಜ್ ಅರ್ಧಕ್ಕರ್ಧ ಬಿತ್ತು ಎಂಬ ಮಾತಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಏನೂ ಬೀಳಲಿಲ್ಲ ಎಂಬ ಮಾತಿಗೂ ಇಲ್ಲ. ಡೈರಿ ಇಟ್ಟವರಿಗೆ ಮಾತ್ರ ತಮ್ಮ ಕಾರಿನಲ್ಲಿ ಎಷ್ಟು ಬಿದ್ದಿತೆಂದು ಗೊತ್ತು.

ಸಿಎನ್‌ಜಿ ಬೇರೆಯದೇ ಅಧ್ಯಾಯ. 1995ರಲ್ಲಿ ಹುಟ್ಟಿದ ಮಹಾನಗರ್ ಗ್ಯಾಸ್ ಇಂದು ಥಾಣೆ, ನವಿಮುಂಬಯಿ, ಕಲ್ಯಾಣ, ಡೊಂಬಿವಲಿಗಳಿಗೆಲ್ಲ ಗ್ಯಾಸ್ ಕೊಡುತ್ತದೆ. ಈ ಊರುಗಳಲ್ಲಿ ಸಿಎನ್‌ಜಿ ಕಾರು ಮಧ್ಯಮವರ್ಗದ ಆಯ್ಕೆ. ಇಲ್ಲಿ ‘ಫುಲ್’ ಎಂಬುದೇ ಹರಿದಾಡುವ ವಸ್ತು. ಸಿಲಿಂಡರಿಗೆ ಗ್ಯಾಸ್ ರಭಸದಿಂದ ನುಗ್ಗುವಾಗ ಒಳಗೆ ಬಿಸಿಯಾಗುತ್ತದೆ. ಬಿಸಿ ಗ್ಯಾಸ್ ಹಿಗ್ಗಿ, ತೂಕ ಪೂರ್ತಿ ಸೇರುವ ಮೊದಲೇ 200 ಬಾರ್ ಒತ್ತಡ ತೋರಿಸುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕಡಿಮೆ ಹಿಡಿಯುತ್ತದೆ, ಬೆಳಗಿನ ಜಾವ ಹೆಚ್ಚು. ಸಂಜೆಯ ನೂಕುನುಗ್ಗಲಲ್ಲಿ ಪಂಪಿನ ಒತ್ತಡವೇ ಇಳಿದಿದ್ದರೆ ಇನ್ನೂ ಕಡಿಮೆ. 60 ಲೀಟರ್ ಸಿಲಿಂಡರಿನಲ್ಲಿ ಒಂದು ದಿನ ಎಂಟು ಕಿಲೋ ಹಿಡಿದು ಇನ್ನೊಂದು ದಿನ ಆರೂವರೆಗೇ ನಿಂತರೆ, ಈ ಸಲ ಒಂದು ಫಿಲ್‌ಗೆ ಕಡಿಮೆ ಓಡಿತು ಎಂದು ಕಾರನ್ನು ಬೈಯುವುದು ಅನ್ಯಾಯ. ಪಂಪಿನ ಮೀಟರ್ ಅಳೆಯುವುದು ತೂಕವನ್ನು, ಆ ಕಿಲೋ ಲೆಕ್ಕ ನಂಬಬಹುದಾದದ್ದು. ಆದ್ದರಿಂದ ಸಿಎನ್‌ಜಿಯಲ್ಲಿ ಫುಲ್‌ನಿಂದ ಫುಲ್‌ಗೆ ನೋಡಬೇಡಿ. ತಿಂಗಳುಗಟ್ಟಲೆ ಕಿಲೋ ಕೂಡಿಸಿ, ಕಿಲೋಮೀಟರ್ ಕೂಡಿಸಿ. ಹೆಚ್ಚಿನ ಸಿಎನ್‌ಜಿ ಕಾರುಗಳು ಶುರುವಾಗುವುದು ಪೆಟ್ರೋಲಿನಲ್ಲಿ, ಸಾಲಿನಲ್ಲಿ ಮುಕ್ಕಾಲು ಗಂಟೆ ಕಾಯಲಾರದೆ ಓಡಿಸುವುದೂ ಪೆಟ್ರೋಲಿನಲ್ಲಿ. ಆ ಪೆಟ್ರೋಲನ್ನು ಬರೆಯದೆ ಸಿಎನ್‌ಜಿ ಕಿಲೋಗೆ ಮೂವತ್ತು ಕೊಡುತ್ತದೆ ಎಂದು ಹೇಳುವವರ ಲೆಕ್ಕ ಅರ್ಧಸತ್ಯ. ಕಿಲೋವನ್ನೂ ಲೀಟರನ್ನೂ ನೇರವಾಗಿ ಹೋಲಿಸುವುದು ಇನ್ನೊಂದು ತಪ್ಪು. ಒಂದು ಕಿಲೋ ಸಿಎನ್‌ಜಿಯಲ್ಲಿ ಸುಮಾರು ಒಂದೂವರೆ ಲೀಟರ್ ಪೆಟ್ರೋಲಿನ ಶಕ್ತಿಯಿದೆ. ಹಣ ಉಳಿಯುವುದು ದರದಿಂದ, ಇಂಜಿನ್ನಿನ ಜಾಣತನದಿಂದಲ್ಲ.

ಡೀಸೆಲ್ ಕಾರಿನವರಿಗೆ ಒಂದೇ ಮಾತು. ಬಿಎಸ್6 ಬಂದ ಮೇಲೆ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರನ್ನು ಸುಟ್ಟು ಶುಚಿ ಮಾಡಲು ಕಾರು ಆಗಾಗ ಹೆಚ್ಚುವರಿ ಡೀಸೆಲ್ ಸುರಿಯುತ್ತದೆ. ತೀನ್ ಹಾತ್ ನಾಕಾದಿಂದ ಮಾಜಿವಾಡಾದವರೆಗೆ ಮಾತ್ರ ಓಡುವ ಕಾರಿನಲ್ಲಿ ಈ ಸುಡುವಿಕೆ ಅರ್ಧಕ್ಕೆ ನಿಂತು ಮತ್ತೆ ಮತ್ತೆ ಶುರುವಾಗುತ್ತದೆ. ಅಂಥವರು ಡೀಸೆಲ್ ಕಾರು ಕೊಳ್ಳದಿರುವುದೇ ಮೇಲು. ಬ್ಯಾಟರಿ ಕಾರಿನವರು ಪರದೆಯ ಯೂನಿಟ್ಟನ್ನಲ್ಲ, ಗೋಡೆಯ ಮೀಟರಿನ ಯೂನಿಟ್ಟನ್ನು ಬರೆಯಬೇಕು. ಚಾರ್ಜ್ ಆಗುವಾಗಲೇ ನೂರಕ್ಕೆ ಹತ್ತರ ಆಸುಪಾಸು ಸೋರಿಹೋಗುತ್ತದೆ.

ಪಂಪಿನ ಅಳತೆಯ ಮೇಲಿನ ಅನುಮಾನವನ್ನೂ ತಳ್ಳಿಹಾಕಲಾಗದು. 2017ರಲ್ಲಿ ಉತ್ತರ ಪ್ರದೇಶದಲ್ಲಿ ಪಂಪುಗಳೊಳಗೆ ಚಿಪ್ ಅಳವಡಿಸಿ ಕಡಿಮೆ ಸುರಿಯುವ ಜಾಲ ಬಯಲಾದ ಬಳಿಕ ಥಾಣೆ ಪೊಲೀಸರೂ ಮಹಾರಾಷ್ಟ್ರದ ಹಲವೆಡೆ ಪಂಪುಗಳ ಮೇಲೆ ದಾಳಿ ಮಾಡಿದ್ದರು. ಪಂಪಿನ ಹುಡುಗ ‘ಝೀರೊ ದೇಖಿಯೇ’ ಎನ್ನುತ್ತಾನೆ, ನಾವು ಝೀರೊ ನೋಡಿ ತೃಪ್ತರಾಗುತ್ತೇವೆ. ಚಿಪ್ ಕೆಲಸ ಮಾಡುವುದು ಝೀರೊ ಆದ ಮೇಲೆ. ಪ್ರತಿ ಪಂಪಿನಲ್ಲೂ ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ 5 ಲೀಟರಿನ ಅಳತೆಪಾತ್ರೆ ಇರಬೇಕು, ಗ್ರಾಹಕ ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. ಐದು ಲೀಟರಿಗೆ 25 ಮಿಲಿಲೀಟರಿನವರೆಗೆ ಆಚೀಚೆ ಕ್ಷಮ್ಯ, ಅಂದರೆ ಶೇ. 0.5. ಅಳೆಯಿರಿ ಎಂದು ಕೇಳಲು ನಾವು ಸಂಕೋಚಪಡುತ್ತೇವೆ. ಪಡಬಾರದು. ಒಂದು ಪಂಪಿನ ಲೆಕ್ಕ ಬೇರೆ ಪಂಪುಗಳಿಗಿಂತ ಸತತವಾಗಿ ಕೆಳಗಿದ್ದರೆ ಡೈರಿಯೇ ಅದನ್ನು ತೋರಿಸಿಕೊಡುತ್ತದೆ.

ಅವರಿವರು ಹೇಳುವ ಅಂಕಿ ಹುಟ್ಟುವ ಬಗೆ ತಿಳಿಯಲು ಮೇ ತಿಂಗಳಲ್ಲಿ ಊರಿಗೆ ಹೊರಡುವವರ ಲೆಕ್ಕದ ಬಗ್ಗೆಯೂ ಹೇಳಬೇಕು. ಪನ್ವೇಲ್, ಮಹಾಡ್, ಚಿಪ್ಳೂಣ್, ಸಾವಂತವಾಡಿ, ಕಾರವಾರ, ಕುಂದಾಪುರ ಹಾದು ಉಡುಪಿ, ಮಂಗಳೂರು ಸೇರುವ ರಾಷ್ಟ್ರೀಯ ಹೆದ್ದಾರಿ 66ರ ಸುಮಾರು 900 ಕಿ.ಮೀ. ನಮ್ಮವರ ವಾರ್ಷಿಕ ಯಾತ್ರೆ. ಈ ಓಟದಲ್ಲಿ ಬಂದ ಹತ್ತೊಂಬತ್ತೋ ಇಪ್ಪತ್ತೋ ವರ್ಷವಿಡೀ ಬಾಯಲ್ಲಿ ಉಳಿಯುತ್ತದೆ. ತಮ್ಮನೋ ಭಾವನೋ ಕಾರು ಕೊಳ್ಳುವಾಗ ಅದನ್ನೇ ಸಲಹೆಯಾಗಿ ಕೊಡುತ್ತೇವೆ. ಅವರು ಆ ಕಾರನ್ನು ಠಾಕುರ್ಲಿಯಿಂದ ರಬಾಳೆಗೆ ಓಡಿಸುವವರು. ಅವರಿಗೆ ಬೇಕಾದದ್ದು ಊರಿನ ದಾರಿಯ ಅಂಕಿಯಲ್ಲ. ಯಾತ್ರೆಯ ಲೀಟರು ಡೈರಿಯಲ್ಲಿ ಇರಲಿ, ಆದರೆ ಪಕ್ಕದಲ್ಲಿ ‘ಊರು’ ಎಂದು ಬರೆದಿಡಿ.

ಕೇರಳದ ತ್ರಿಶೂರಿನಲ್ಲಿ ಗ್ರಾಹಕರೊಬ್ಬರು ಜಾಹೀರಾತಿನ ಮೈಲೇಜ್ ಬರಲಿಲ್ಲವೆಂದು ಕಾರು ಕಂಪನಿಯ ಮೇಲೆ ದೂರು ಕೊಟ್ಟರು. ಲೀಟರಿಗೆ 32 ಎಂದಿದ್ದ ಕಾರು ತಜ್ಞರ ಪರೀಕ್ಷೆಯಲ್ಲಿ 20ನ್ನೂ ಮುಟ್ಟಲಿಲ್ಲ. 2022ರಲ್ಲಿ ಗ್ರಾಹಕ ಆಯೋಗ ಮೂರು ಲಕ್ಷ ರೂಪಾಯಿಗೂ ಹೆಚ್ಚಿನ ಪರಿಹಾರ ಕೊಡಿಸಿತು. ದಾಖಲೆಯಿದ್ದರೆ ಮಾತಿಗೆ ತೂಕ ಬರುತ್ತದೆ. ಆದರೆ ಪ್ರತಿಯೊಬ್ಬರೂ ಆಯೋಗದ ಮೆಟ್ಟಿಲು ಹತ್ತಬೇಕಾದ ಸ್ಥಿತಿ ಇರಬಾರದು. ಯುರೋಪಿನಂತೆ ನಮ್ಮ ಕಾರುಗಳೂ ಹುಟ್ಟಿದ ದಿನದಿಂದ ಕುಡಿದ ಇಂಧನ, ಓಡಿದ ದೂರ, ಇಂಜಿನ್ ಓಡಿದ ಗಂಟೆ ಮೂರನ್ನೂ ಅಳಿಸಲಾಗದಂತೆ ದಾಖಲಿಸಬೇಕು. ಎಸಿ ಹಾಕಿ, ನಿಂತು ನಿಂತು ಸಾಗುವ ನಗರದ ಅಂಕಿಯನ್ನು ಕಂಪನಿಗಳು ಪ್ರತ್ಯೇಕವಾಗಿ ಅಚ್ಚುಹಾಕಬೇಕು. ಈ ನಿಯಮ ತರುವುದು ಸರ್ಕಾರದ ಕೆಲಸ, ಕೇಳುವುದು ನಮ್ಮ ಕೆಲಸ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಆಗುವುದೊಂದಿದೆ. ಡೊಂಬಿವಲಿಯ ಕರ್ನಾಟಕ ಸಂಘ ನಡೆಸುವ ಠಾಕುರ್ಲಿಯ ಮಂಜುನಾಥ ಕಾಲೇಜಿನಂಥ ಕಡೆ ವಾಣಿಜ್ಯ ಓದುವ ಮಕ್ಕಳಿಗೆ, ಇಲ್ಲವೇ ಸಂಘಗಳ ಯುವ ವಿಭಾಗಗಳಿಗೆ ಇದನ್ನು ಒಪ್ಪಿಸಬಹುದು: ಯಾವ ಕಾರು, ಯಾವ ದಾರಿ, ಎಷ್ಟು ಲೀಟರು, ಎಷ್ಟು ಕಿಲೋಮೀಟರು, ಎಷ್ಟು ಗಂಟೆ. ಮಳೆಗಾಲವೂ ಸೇರಿದಂತೆ ಒಂದು ಪೂರ್ತಿ ವರ್ಷ, ಮನೆಮನೆಯಿಂದ. ಕಲ್ಯಾಣ–ಮಹಾಪೆ ದಾರಿಗೆ ಒಂದು ಪಟ್ಟಿ, ಘೋಡ್‌ಬಂದರಿಗೆ ಒಂದು, ಪಾಮ್ ಬೀಚಿಗೆ ಒಂದು ಸಿದ್ಧವಾದರೆ ಕಾರು ಕೊಳ್ಳುವವರಿಗೆ ಯಾವ ಶೋರೂಮೂ ಕೊಡದ ಮಾಹಿತಿ ಸಿಗುತ್ತದೆ. ನಿಮ್ಮ ಮನೆಯ ಪಾಲಿನ ಪುಟವನ್ನು ಮುಂದಿನ ಫುಲ್ ಟ್ಯಾಂಕಿನಿಂದಲೇ ಶುರುಮಾಡಿ.